ಡೊಮೇನ್ ಇಲ್ಲ, ಪಾಸ್‌ವರ್ಡ್ ಇಲ್ಲ: ಉಡುಪಿಯ ಮನೆಯಿಂದಲೇ ನಡೆಯುವ ನಮ್ಮ ಸೈಟ್

ದೊಡ್ಡಪ್ಪ ಟೇಪ್ ಮಾಡಿಟ್ಟಿದ್ದ ತಾಳಮದ್ದಳೆ ಕ್ಯಾಸೆಟ್‌ಗಳನ್ನೆಲ್ಲ ಎಂಪಿತ್ರೀ ಮಾಡಿದ ಮೇಲೆ ಮಂಗಳೂರು, ಕುಂದಾಪುರದ ನೆಂಟರೆಲ್ಲ ಕೇಳಲು ಶುರು ಮಾಡಿದರು. ದೊಡ್ಡಪ್ಪ ಮಾತ್ರ ಕಡ್ಡಿ ಮುರಿದಂತೆ ಹೇಳಿದರು, "ಯೂಟ್ಯೂಬಿಗೆಲ್ಲ ಹಾಕ್ಬೇಡ ಮಾರಾಯ, ಅರ್ಥ ಹೇಳಿದವರ ಒಪ್ಪಿಗೆ ನಾವು ಕೇಳಿಲ್ಲ." ಅದು ಸರಿಯೇ. ಹಾಗಾಗಿ ಗುರುತಿನವರಿಗೆ ಮಾತ್ರ ತೆರೆಯುವ ಸೈಟ್ ಬೇಕಿತ್ತು, ಅದೂ ಕಿನ್ನಿಮುಲ್ಕಿಯ ನಮ್ಮ ಮನೆಯ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ.

ತೊಡಕು ಏನೆಂದರೆ, ನಮ್ಮ ಫೈಬರ್ ಕನೆಕ್ಷನ್‌ಗೆ ಸ್ವಂತ ಪಬ್ಲಿಕ್ ಐಪಿ, ಅಂದರೆ ಹೊರಗಿನವರು ನೇರ ತಲುಪಬಹುದಾದ ವಿಳಾಸ, ಇಲ್ಲ. ರೂಟರ್‌ನಲ್ಲಿ ನೋಡಿದರೆ 100.64ರ ಸಾಲಿನ ವಿಳಾಸ, ಅಂದರೆ ಒಂದೇ ಐಪಿ ಎಷ್ಟೋ ಮನೆಗಳಿಗೆ ಹಂಚಿಹೋಗಿದೆ. ರೂಟರ್‌ನಲ್ಲಿ ಹೊರಗಿನವರಿಗೆ ಬಾಗಿಲು ತೆರೆಯುವ ಪೋರ್ಟ್ ಫಾರ್ವರ್ಡ್ ಮಾಡಿ ಪ್ರಯೋಜನ ಇಲ್ಲ.

ಅದಕ್ಕೆ ಯಗ್ಡ್ರಸಿಲ್ ಹಾಕಿದೆ. ಇದು ಇಂಟರ್ನೆಟ್ಟಿನ ಮೇಲೆಯೇ ಎನ್‌ಕ್ರಿಪ್ಟ್ ಆದ ಇನ್ನೊಂದು ನೆಟ್‌ವರ್ಕ್ ಕಟ್ಟುವ ಸಾಫ್ಟ್‌ವೇರ್. ಇದರಲ್ಲಿ ನಮ್ಮ ಯಂತ್ರವೇ ಹೊರಗಿನ ಒಂದು ಪಿಯರ್‌ಗೆ (ಇದೇ ಸಾಫ್ಟ್‌ವೇರ್ ಓಡುವ ಇನ್ನೊಂದು ಯಂತ್ರ) ಹೋಗಿ ಕನೆಕ್ಟ್ ಆಗುತ್ತದೆ, ಇದನ್ನೇ ಹಾಕಿಕೊಂಡ ಬೇರೆಯವರು ಅದೇ ದಾರಿಯಲ್ಲಿ ನಮ್ಮ ಹತ್ತಿರ ಬರುತ್ತಾರೆ. ಮೊದಲ ಸಲ ಕಾನ್ಫಿಗ್ ಮಾಡುವಾಗ ಒಂದು ಜೊತೆ ಕೀ ಹುಟ್ಟುತ್ತದೆ (ಗುಟ್ಟಾಗಿಡುವ ಪ್ರೈವೇಟ್ ಕೀ, ಎಲ್ಲರಿಗೂ ಕೊಡಬಹುದಾದ ಪಬ್ಲಿಕ್ ಕೀ), ಪಬ್ಲಿಕ್ ಕೀಯಿಂದಲೇ ಲೆಕ್ಕ ಹಾಕಿ 200::/7 ಒಳಗಿನ ಒಂದು ಐಪಿವಿ6 ವಿಳಾಸ ಸಿಗುತ್ತದೆ. ಮಾಮೂಲಿ ಇಂಟರ್ನೆಟ್‌ನಲ್ಲಿ ಈ ಸಾಲನ್ನು 2004ರಲ್ಲೇ ಕೈಬಿಟ್ಟಿದ್ದಾರೆ, ಹಾಗಾಗಿ ಅಲ್ಲಿನ ವಿಳಾಸಗಳ ಜೊತೆ ಗೊಂದಲ ಆಗುವುದಿಲ್ಲ.

ನನಗೆ ತುಂಬಾ ಇಷ್ಟವಾದದ್ದು ಈ ವಿಳಾಸವೇ. ಪ್ರೈವೇಟ್ ಕೀ ಇಲ್ಲದೆ ಇನ್ನೊಬ್ಬರು ಅದೇ ವಿಳಾಸದಲ್ಲಿ ಬಂದು ಮಾತಾಡಲು ಆಗುವುದಿಲ್ಲ. ಹಾಗಾದರೆ ಲಾಗಿನ್ ಯಾಕೆ ಬೇಕು, ಅಲ್ವಾ? ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್‌ನಲ್ಲಿ ಪ್ರತಿಯೊಬ್ಬರ ವಿಳಾಸಕ್ಕೂ ಒಂದೊಂದು ಅಲೋ (ಒಳಗೆ ಬಿಡು) ಸಾಲು, ಕೊನೆಗೆ ಡಿನೈ ಆಲ್ (ಉಳಿದವರನ್ನೆಲ್ಲ ತಡೆ). ಅಷ್ಟೇ. ದಾರಿಯುದ್ದಕ್ಕೂ ಎನ್‌ಕ್ರಿಪ್ಟ್ ಆಗಿಯೇ ಹೋಗುವುದರಿಂದ ಸುಮ್ನೆ ಎಚ್‌ಟಿಟಿಪಿ ಸಾಕು, ಸರ್ಟಿಫಿಕೇಟ್ ಗೋಜು ಇಲ್ಲ. ಬ್ರೌಸರ್‌ನಲ್ಲಿ ವಿಳಾಸವನ್ನು ಚೌಕ ಕಂಸದೊಳಗೆ ಬರೆಯಬೇಕು, ಒಮ್ಮೆ ಬುಕ್‌ಮಾರ್ಕ್ ಮಾಡಿಕೊಟ್ಟರೆ ಯಾರಿಗೂ ಕಷ್ಟವಿಲ್ಲ.

ಫೈರ್‌ವಾಲ್ ವಿಷಯ ಮಾತ್ರ ದಯವಿಟ್ಟು ಗಮನ ಇಟ್ಟು ಓದಿ. ಮನೆಯ ರೂಟರ್ ಹೊರಗಿನವರನ್ನು ತಡೆಯುತ್ತದೆ ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ, ಯಾಕೆಂದರೆ ಯಗ್ಡ್ರಸಿಲ್ ಟ್ರಾಫಿಕ್ ರೂಟರನ್ನು ದಾಟಿ ನೇರ ಪೈ ಒಳಗೇ ಬಂದು ಬಿಚ್ಚಿಕೊಳ್ಳುತ್ತದೆ, ಪೈಯಲ್ಲಿ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಇರಲಿ, ಫೈಲ್ ಹಂಚುವ ಸಾಂಬಾ ಇರಲಿ, ತೆರೆದಿರುವುದೆಲ್ಲ ಆ ನೆಟ್‌ವರ್ಕ್‌ನ ಎಲ್ಲರಿಗೂ ಸಿಗುತ್ತದೆ. ಕಾನ್ಫಿಗ್‌ನಲ್ಲಿ 'ಅಲೋಡ್ ಪಬ್ಲಿಕ್ ಕೀಸ್' ಎಂದು ಒಂದು ಜಾಗ ಇದೆ, ಅದನ್ನು ತುಂಬಿದರೆ ಸಾಕು ಎಂದು ತುಂಬಾ ಜನ ತಿಳಿಯುತ್ತಾರೆ. ಅದು ನಿಮ್ಮ ಜೊತೆ ನೇರ ಪಿಯರ್ ಆಗಲು ಬರುವವರನ್ನು ಮಾತ್ರ ತಡೆಯುತ್ತದೆ, ದೂರದಿಂದ ಬರುವ ಟ್ರಾಫಿಕ್ಕನ್ನು ಅಲ್ಲ. ನಾನು ಪೈಯದ್ದೇ ಫೈರ್‌ವಾಲ್ ಆದ ಎನ್‌ಎಫ್‌ಟೇಬಲ್ಸ್‌ನಲ್ಲಿ ಯಗ್ಡ್ರಸಿಲ್ ಇಂಟರ್‌ಫೇಸ್‌ಗೆ ಸೈಟಿನ 80ನೇ ಪೋರ್ಟ್, ಪಿಂಗ್, ಆಗಲೇ ನಡೆಯುತ್ತಿರುವ ಕನೆಕ್ಷನ್‌ಗಳು ಇಷ್ಟನ್ನೇ ಬಿಟ್ಟು ಉಳಿದದ್ದೆಲ್ಲ ಡ್ರಾಪ್ ಮಾಡಿದ್ದೇನೆ.

ಪಿಯರ್ ಆರಿಸುವುದೂ ಮುಖ್ಯ. ಯುರೋಪಿನ ಪಬ್ಲಿಕ್ ಪಿಯರ್ ಹಾಕಿದರೆ ಉಡುಪಿಯ ಹಾಡು ಸಮುದ್ರ ದಾಟಿ ಹೋಗಿ ಮಂಗಳೂರಿನ ಕದ್ರಿಗೆ ವಾಪಸ್ ಬರಬೇಕು, ಪಿಂಗ್ 300 ಮಿಲಿಸೆಕೆಂಡಿನ ಆಸುಪಾಸು. ಮುಂಬೈಯಲ್ಲಿ ಒಂದು ಸಣ್ಣ ವಿಪಿಎಸ್ (ಡೇಟಾ ಸೆಂಟರ್‌ನ ವರ್ಚುವಲ್ ಸರ್ವರ್) ಬಾಡಿಗೆಗೆ ಹಿಡಿದು ಅದನ್ನೇ ಎಲ್ಲರಿಗೂ ಪಿಯರ್ ಮಾಡಿದೆ. ಅಲ್ಲಿ ಒಂದೇ ಒಂದು ಫೈಲ್ ಇಲ್ಲ. ಹಾದುಹೋಗುವ ಪ್ಯಾಕೆಟ್‌ಗಳನ್ನು ಅದು ಓದಲೂ ಆಗದು. ಆದರೆ ಯಗ್ಡ್ರಸಿಲ್ ನಿಮ್ಮನ್ನು ಬಚ್ಚಿಡುವುದಿಲ್ಲ, ಪಿಯರ್‌ಗೆ ನಿಮ್ಮ ನಿಜವಾದ ಐಪಿ ಕಾಣುತ್ತದೆ. ಅನಾಮಧೇಯತೆ ಬೇಕಾದವರಿಗೆ ಇದು ಅಲ್ಲ.

ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ಕಡಿದರೂ ಮನೆಯೊಳಗೆ ಸೈಟ್ ನಿಲ್ಲುವುದಿಲ್ಲ. ಒಂದೇ ವೈಫೈನಲ್ಲಿರುವ ಯಂತ್ರಗಳು ಮಲ್ಟಿಕಾಸ್ಟ್ ಮೂಲಕ ತಾವಾಗಿಯೇ ಗುರುತು ಹಿಡಿಯುತ್ತವೆ, ಅದೇ ವಿಳಾಸ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತದೆ. ಕರೆಂಟು ಹೋದರೆ ರೂಟರಿಗೆ, ಪೈಗೆ ಸಣ್ಣ ಯುಪಿಎಸ್ ಇದೆ.

ಆಂಡ್ರಾಯ್ಡ್ ಆ್ಯಪ್ ವಿಪಿಎನ್ ಆಗಿ ಓಡುತ್ತದೆ, ಹಾಗಾಗಿ ಆಫೀಸಿನ ವಿಪಿಎನ್ ಜೊತೆ ಒಟ್ಟಿಗೆ ಆಗುವುದಿಲ್ಲ. ಫೋನಿಗೆ ಬೇರೆ ಕೀ, ಬೇರೆ ವಿಳಾಸ, ಅದಕ್ಕೂ ಅಲೋ ಸಾಲು ಸೇರಿಸಬೇಕು. ಕಾನ್ಫಿಗ್ ಫೈಲಿನ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಪ್ರೈವೇಟ್ ಕೀ ಹೋದರೆ ವಿಳಾಸವೂ ಹೋಯಿತು, ಎಲ್ಲರಿಗೂ ಮತ್ತೆ ಹೊಸ ಬುಕ್‌ಮಾರ್ಕ್ ಕಳಿಸಬೇಕಾಗುತ್ತದೆ.