ಇಂಡಕ್ಷನ್ ಒಲೆ ಕೊಳ್ಳಲು ಪಾತ್ರೆ ಹೊತ್ತುಕೊಂಡೇ ಹೋಗಿ

ಸಣ್ಣ ಹೋಟೆಲ್, ಮೆಸ್ ನಡೆಸುವವರು ಉತ್ಸಾಹದಿಂದ ತಂದ ಇಂಡಕ್ಷನ್ ಒಲೆ ಮೂರೇ ತಿಂಗಳಲ್ಲಿ ಅಟ್ಟ ಸೇರುವುದನ್ನು ಬೇಕಾದಷ್ಟು ಕಂಡಿದ್ದೇನೆ. ಮೈಸೂರಿನಲ್ಲಿ ತಿಂಡಿ ಹೋಟೆಲ್ ಇಟ್ಟಿರುವ ನನ್ನ ಭಾವಮೈದನದೂ ಅದೇ ಕಥೆ. ಮನೆಬಳಕೆಯ 2000 ವ್ಯಾಟಿನ ಒಲೆ ಎರಡು ತಂದು, ಬೆಳಿಗ್ಗೆ ಆರರಿಂದ ಹತ್ತರವರೆಗೆ ಬಿಡುವಿಲ್ಲದೆ ಉರಿಸಿದ. ಒಂದು, ಜನ ತುಂಬಿದ ಹೊತ್ತಿನಲ್ಲೇ ಬಿಸಿಯಾಗಿ ತಾನೇ ಆಫ್ ಆಗತೊಡಗಿತು. ಇನ್ನೊಂದರ ಒಳಗಿನ ಸರ್ಕ್ಯೂಟ್ ಬೋರ್ಡ್ ಸುಟ್ಟಿತು. ‘ಹೋಟೆಲಿಗೆ ಬಳಸಿದರೆ ವಾರಂಟಿ ಇಲ್ಲ ಸಾರ್’ ಎಂದರು ಸರ್ವಿಸಿನವರು. ಕಾರ್ಡಿನ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಅದು ಇತ್ತು ಕೂಡ.

ಆದ್ದರಿಂದ ಮನೆಬಳಕೆಯದು ಬೇಡವೇ ಬೇಡ. ಸ್ಟೀಲ್ ಮೈಯ, ದೊಡ್ಡ ಫ್ಯಾನಿನ ಕಮರ್ಷಿಯಲ್ ಒಲೆಯನ್ನೇ ಕೇಳಿ. ಮೇಜಿನ ಮೇಲಿಡುವಂಥವು ಸಾಮಾನ್ಯವಾಗಿ 3500 ವ್ಯಾಟ್ ಇಲ್ಲವೇ 5000 ವ್ಯಾಟಿನಲ್ಲಿ ಸಿಗುತ್ತವೆ.

1. ಏನು ಬೇಯಿಸುತ್ತೀರಿ, ಬರೆದುಕೊಳ್ಳಿ

ಅನ್ನ, ಸಾಂಬಾರು, ಹಾಲು, ಡಿಕಾಕ್ಷನ್‌ಗೆ ಬಿಸಿನೀರು: ಇವಕ್ಕೆ ಇಂಡಕ್ಷನ್ ಹೇಳಿಮಾಡಿಸಿದ್ದು. ದೋಸೆ ಕಾವಲಿಯನ್ನು ಗ್ಯಾಸಿನ ಮೇಲೇ ಬಿಡಿ. ಈ ವಿಷಯದಲ್ಲಿ ನನ್ನ ಜೊತೆ ವಾದಕ್ಕೆ ಬರಬೇಡಿ.

2. ಪಾತ್ರೆಯ ತಳ ಪರೀಕ್ಷಿಸಿ

ಎಲ್ಲರೂ ಎಡವುವುದು ಇಲ್ಲಿ. ಒಲೆಯೊಳಗಿನ ತಾಮ್ರದ ಸುರುಳಿ ಬಿಸಿ ಮಾಡುವುದು ಗಾಜನ್ನಲ್ಲ, ಪಾತ್ರೆಯ ತಳವನ್ನು. ಆ ತಳಕ್ಕೆ ಅಯಸ್ಕಾಂತ ಅಂಟಬೇಕು. ಹೋಟೆಲಿನ ಅರ್ಧಕ್ಕರ್ಧ ಪಾತ್ರೆ ಅಲ್ಯೂಮಿನಿಯಂ, ಅವು ಲೆಕ್ಕಕ್ಕಿಲ್ಲ. ಸ್ಟೀಲ್ ಎಂದಾಕ್ಷಣ ನಂಬುವಂತಿಲ್ಲ. 304 ಎಂಬ ದುಬಾರಿ ಸ್ಟೀಲಿಗೆ ಅಯಸ್ಕಾಂತ ಅಂಟುವುದಿಲ್ಲ, ಅಗ್ಗದ 430ಕ್ಕೆ ಗಟ್ಟಿಯಾಗಿ ಅಂಟುತ್ತದೆ. ಫ್ರಿಜ್ ಬಾಗಿಲಿನ ಗೊಂಬೆಯೊಂದನ್ನು ಕಿತ್ತುಕೊಂಡು ನಿಮ್ಮ ಪಾತ್ರೆಗಳನ್ನೆಲ್ಲ ಒಮ್ಮೆ ಮುಟ್ಟಿಸಿ ನೋಡಿ. ಹೊಸ ಪಾತ್ರೆಗೆ ಎಷ್ಟು ದುಡ್ಡು ಬೇಕೆಂಬುದು ಆಗಲೇ ಗೊತ್ತಾಗುತ್ತದೆ. ಒಲೆಯ ಬೆಲೆಗೆ ಅದನ್ನೂ ಕೂಡಿಸಿಕೊಳ್ಳಿ.

ಅಂಟಿದ ಮಾತ್ರಕ್ಕೆ ಮುಗಿಯಲಿಲ್ಲ. ಪಾತ್ರೆ ಮಗುಚಿ, ತಳದ ಮೇಲೆ ಉಕ್ಕಿನ ಅಡಿಪಟ್ಟಿಯನ್ನು ಅಡ್ಡ ಇಡಿ. ನಡುವೆ ಬೆಳಕು ತೂರಿ ಬಂದರೆ ತಳ ಒಳಗೆ ಬಾಗಿದೆ ಎಂದು. ಗಾಜಿಗೂ ತಳಕ್ಕೂ ಸಂದು ಬಿದ್ದಷ್ಟೂ ಕಾವು ಕಡಿಮೆ. ಅಲ್ಯೂಮಿನಿಯಂ ತಳಕ್ಕೆ ತೂತುತೂತಿನ ತೆಳು ಸ್ಟೀಲ್ ಬಿಲ್ಲೆ ಒತ್ತಿದ ಪಾತ್ರೆಗಳನ್ನೂ ಮಾರುತ್ತಾರೆ. ಮನೆಗೆ ಪರವಾಗಿಲ್ಲ, ದಿನಕ್ಕೆ ಹತ್ತು ಸಲ ಕುದಿಸುವ ಕಡೆ ಬೇಡ. ಇನ್ನು ಯಾವ ಪಾತ್ರೆಯನ್ನಾದರೂ ಇಡಬಹುದೆಂದು ಕೊಡುವ ಕಬ್ಬಿಣದ ತಟ್ಟೆಯಿದೆಯಲ್ಲ, ಅದನ್ನಂತೂ ಮುಟ್ಟಬೇಡಿ. ತಟ್ಟೆ ಕೆಂಡವಾಗಿ ಗಾಜು ಬಿರಿಯಬಹುದು.

ಕೊನೆಗೆ ಸುರುಳಿಯ ಅಳತೆ. ಗಾಜಿನ ಮೇಲೆ ಮುದ್ರಿಸಿರುವ ದೊಡ್ಡ ವೃತ್ತವನ್ನು ನಂಬಬೇಡಿ. ನಿಮ್ಮದೇ ತೆಳುತಳದ ಪಾತ್ರೆಯೊಂದನ್ನು ಅಂಗಡಿಗೆ ಒಯ್ಯಿರಿ. ಒಂದು ಬೆರಳು ನೀರು ಹಾಕಿಸಿ, ಒಲೆ ಜೋರು ಮಾಡಿಸಿ, ಬಗ್ಗಿ ನೋಡಿ. ಒಂದೆರಡು ನಿಮಿಷದಲ್ಲಿ ತಳದಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಉಂಗುರದಂತೆ ಏಳುತ್ತವೆ. ಸುರುಳಿ ಇರುವುದು ಅಷ್ಟೇ ಅಗಲ. ಟೇಪು ಹಿಡಿದು ಅಳೆಯಿರಿ. ಉಂಗುರ 18 ಸೆಂಟಿಮೀಟರ್, ನಿಮ್ಮ ಸಾಂಬಾರಿನ ಪಾತ್ರೆ 32 ಸೆಂಟಿಮೀಟರ್ ಆಗಿದ್ದರೆ ನಡುವೆ ಬೇಳೆ ತಳ ಹಿಡಿಯುತ್ತದೆ, ಅಂಚಿನಲ್ಲಿ ಸಾಂಬಾರು ಸುಮ್ಮನೆ ಕೂತಿರುತ್ತದೆ. ದೋಸೆ ಬೇಡ ಎಂದದ್ದೂ ಇದಕ್ಕೇ: ನಡುವೆ ಕರಕಲು, ಸುತ್ತ ಹಸಿ.

ಅಂಗಡಿಯವನು ಮುಖ ಗಂಟಿಕ್ಕಬಹುದು. ನೀರು ಹಾಕಿಸದ ಅಂಗಡಿಯಲ್ಲಿ ಕೊಳ್ಳಬೇಡಿ.

ನಿಮ್ಮ ಅಲ್ಯೂಮಿನಿಯಂ ಪಾತ್ರೆ ಕಂಡು ಅವನು ಗಾಜಿನಡಿಯ ತಂತಿ ಕೆಂಪಗೆ ಕಾಯುವ ಇನ್‌ಫ್ರಾರೆಡ್ ಒಲೆ ತೋರಿಸುತ್ತಾನೆ. ಅದರ ಮೇಲೆ ಯಾವ ಪಾತ್ರೆಯೂ ನಡೆಯುತ್ತದೆ, ನಿಜ. ಆದರೆ ಆರಿಸಿದ ಮೇಲೂ ಗಾಜು ಬಹಳ ಹೊತ್ತು ಸುಡುತ್ತಿರುತ್ತದೆ. ನಾಲ್ಕು ಜನ ಮೈಗೆ ಮೈ ತಾಗಿಸಿ ಓಡಾಡುವ ಅಡುಗೆಮನೆಗೆ ಅದು ಸಲ್ಲ.

3. ಗೋಡೆಯೊಳಗಿನ ವೈರು

ಇದನ್ನು ಎಲೆಕ್ಟ್ರಿಷಿಯನ್ ಮಾಡಬೇಕು, ಹುಡುಗರ ಕೈಗೆ ಕೊಡಬೇಡಿ. 3500 ವ್ಯಾಟ್ ಎಂದರೆ 230 ವೋಲ್ಟಿನಲ್ಲಿ ಹದಿನೈದು ಆಂಪಿಯರ್ ಚಿಲ್ಲರೆ. 16 ಆಂಪಿಯರ್ ಸಾಕೆಟ್ಟಿಗೆ ಅದು ಕತ್ತಿನವರೆಗೆ ಬಂತು. ಗಂಟೆಗಟ್ಟಲೆ ಓಡಿದರೆ ಹಳೆಯ ಸಾಕೆಟ್ ಕಂದು ಬಣ್ಣಕ್ಕೆ ತಿರುಗಿ ಪ್ಲಾಸ್ಟಿಕ್ ಕಮಟುತ್ತದೆ. 4 ಚದರ ಮಿಲಿಮೀಟರ್ ತಾಮ್ರದ ವೈರು, ಬೇರೆಯೇ 20 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ. 5000 ವ್ಯಾಟ್ ಒಲೆ ಸುಮಾರು 22 ಆಂಪಿಯರ್ ಎಳೆಯುತ್ತದೆ; ಅದಕ್ಕೆ 6 ಚದರ ಮಿಲಿಮೀಟರ್ ವೈರು, 32 ಆಂಪಿಯರ್ ಎಂಸಿಬಿ, ಮಾಮೂಲಿ ಪ್ಲಗ್ ಬೇಡ. ಅರ್ಥಿಂಗ್ ಇದೆಯೇ, ಮೀಟರಿಗೆ ಎಷ್ಟು ಕಿಲೋವ್ಯಾಟ್ ಲೋಡ್ ಮಂಜೂರಾಗಿದೆ, ಇವನ್ನು ಒಲೆ ಕೊಳ್ಳುವ ಮುಂಚೆ ನೋಡಿ.

ವ್ಯಾಟ್ ಹೆಚ್ಚಿದ್ದರೆ ಲಾಭವೇನು? ಹತ್ತು ಲೀಟರ್ ತಣ್ಣೀರು ಕುದಿಯುವ ಹತ್ತಿರಕ್ಕೆ ಬರಲು 2000 ವ್ಯಾಟಿನಲ್ಲಿ ಸುಮಾರು ಅರ್ಧ ಗಂಟೆ, 3500ರಲ್ಲಿ ಹದಿನಾರು ಹದಿನೇಳು ನಿಮಿಷ. ಬೆಳಗಿನ ಆರಕ್ಕೆ ಬಾಗಿಲು ತೆಗೆಯುವವನಿಗೆ ಆ ಹದಿಮೂರು ಹದಿನಾಲ್ಕು ನಿಮಿಷದ ಬೆಲೆ ಗೊತ್ತು.

4. ತಿರುಗಿಸುವ ನಾಬ್ ಇರುವುದನ್ನೇ ಕೊಳ್ಳಿ

ಟಚ್ ಬಟನ್ ಒದ್ದೆ ಕೈಗೆ, ಹಿಟ್ಟಿನ ಕೈಗೆ ಓಗೊಡುವುದಿಲ್ಲ.

5. ಸಣ್ಣ ಉರಿ

ಅಂಗಡಿಯಲ್ಲಿ ಎಲ್ಲರೂ ಜೋರು ಉರಿ ನೋಡುತ್ತಾರೆ. ನೀವು ಅತಿ ಸಣ್ಣದಕ್ಕೆ ತಿರುಗಿಸಿ. ಅಗ್ಗದ ಒಲೆಗಳು ಸಣ್ಣ ಉರಿ ಎಂದರೆ ಜೋರಾಗಿ ಉರಿದು, ನಿಂತು, ಮತ್ತೆ ಉರಿಯುತ್ತವೆ: ನೀರು ಐದು ಸೆಕೆಂಡ್ ಕೊತಕೊತ, ಐದು ಸೆಕೆಂಡ್ ಸಪ್ಪಗೆ. ಅದರ ಮೇಲೆ ಹಾಲಿಟ್ಟು ಈ ಕಡೆ ತಿರುಗಿದಿರೋ, ಉಕ್ಕಿತು.

6. ಇಡುವ ಜಾಗ

ಹಿಂದೆ, ಪಕ್ಕದಲ್ಲಿ ಒಂದು ಗೇಣು ಬಿಡಿ. ಕೆಳಗಿನ ಫ್ಯಾನು ಬಾಣಲೆಯ ಎಣ್ಣೆ ಹೊಗೆಯನ್ನೂ ಹಿಟ್ಟಿನ ಧೂಳನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ, ಹಾಗಾಗಿ ಕರಿಯುವ ಜಾಗದಿಂದ ದೂರವಿರಲಿ. ಜಾಲರಿ ಬಿಚ್ಚಿ ತೊಳೆಯುವಂತಿದ್ದರೆ ಇನ್ನೂ ಒಳ್ಳೆಯದು. ರಾತ್ರಿ ಪ್ಲಗ್ ಕಿತ್ತು ಸುತ್ತ ಒರೆಸಿಡಿ. ಬೆಚ್ಚಗಿನ ಬೋರ್ಡ್ ಕಂಡರೆ ಜಿರಳೆಗೆ ತವರುಮನೆ; ಭಾವಮೈದನ ಸುಟ್ಟ ಒಲೆ ಬಿಚ್ಚಿದಾಗ ಒಳಗಿಂದ ಹನ್ನೊಂದು ಉದುರಿದವು.