ಆತಂಕದ ಮಾತ್ರೆ: ತೆಗೆದುಕೊಳ್ಳುವ ಕ್ರಮ, ಬಿಡುವ ಕ್ರಮ

ಎದೆ ಡವಡವ ಎನ್ನುತ್ತದೆ, ರಾತ್ರಿ ನಿದ್ದೆ ಹತ್ತುವುದಿಲ್ಲ ಎಂದು ವೈದ್ಯರ ಬಳಿ ಹೋದವರ ಚೀಟಿಯಲ್ಲಿ ಅನೇಕ ವೇಳೆ ಎರಡು ಬಗೆಯ ಮಾತ್ರೆಗಳಿರುತ್ತವೆ. ಎಸ್ಸಿಟಾಲೋಪ್ರಾಮ್, ಸರ್ಟ್ರಲಿನ್ ಮುಂತಾದವು ನಿಧಾನವಾಗಿ ಕೆಲಸ ಮಾಡುವಂಥವು. ಅವುಗಳ ಗುಣ ಕಾಣಲು 2ರಿಂದ 6 ವಾರ ಬೇಕು. ಅಲ್ಪ್ರಾಜೋಲಾಮ್, ಕ್ಲೋನಾಜೆಪಾಮ್, ಲೋರಾಜೆಪಾಮ್ ಬೇಗ ಸಮಾಧಾನ ಕೊಡುತ್ತವೆ, ಆದರೆ ದೇಹ ಅವುಗಳಿಗೆ ಅಷ್ಟೇ ಬೇಗ ಒಗ್ಗಿಹೋಗುವುದರಿಂದ ಅವನ್ನು ಸಾಮಾನ್ಯವಾಗಿ 2ರಿಂದ 4 ವಾರಗಳ ಮಟ್ಟಿಗೆ ಮಾತ್ರ ಬರೆದುಕೊಡುವುದು ಒಳ್ಳೆಯ ಪದ್ಧತಿ. ನಿಮ್ಮ ಚೀಟಿಯಲ್ಲಿ ಯಾವುದು ಯಾವ ಬಗೆಯದು, ಎಷ್ಟು ದಿನಕ್ಕೆ ಎಂಬುದನ್ನು ಅಲ್ಲಿಯೇ ಕೇಳಿ ಬರೆಸಿಕೊಳ್ಳಿ. ಕೇಳಲು ಸಂಕೋಚ ಬೇಡ.

ಅಲ್ಪ್ರಾಜೋಲಾಮ್, ಡಯಾಜೆಪಾಮ್ ಮುಂತಾದವು 2014ರ ಮಾರ್ಚ್‌ನಿಂದ ಎಚ್1 ಅನುಸೂಚಿಯಲ್ಲಿ, ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಸರ್ಕಾರಿ ಪಟ್ಟಿಯೊಂದರಲ್ಲಿ ಇವೆ. ಸ್ಟ್ರಿಪ್ಪಿನ ಮೇಲೆ ಕೆಂಪು ಚೌಕಟ್ಟಿನ ಎಚ್ಚರಿಕೆ ಇರುತ್ತದೆ, ಅಂಗಡಿಯವರು ರೋಗಿಯ ಮತ್ತು ವೈದ್ಯರ ಹೆಸರನ್ನು ಪುಸ್ತಕದಲ್ಲಿ ಬರೆದು 3 ವರ್ಷ ಇಟ್ಟುಕೊಳ್ಳಬೇಕಾಗುತ್ತದೆ. ಪರಿಚಯದವರೆಂದು ಯಾರಾದರೂ ಚೀಟಿಯಿಲ್ಲದೆ ಕೊಟ್ಟರೆ ಅದು ಉಪಕಾರವಲ್ಲ. ಮನೆಗೆ ಬಂದ ಮೇಲೆ ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದು 0.25 ಮಿಲಿಗ್ರಾಂ ಇದೆಯೋ 0.5 ಇದೆಯೋ ಎಂದು ಚೀಟಿಯೊಂದಿಗೆ ತಾಳೆ ನೋಡಿ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದು.

ಈ ಮಾತ್ರೆಗಳ ಜೊತೆ ಮದ್ಯ ಸೇರಿದರೆ ಉಸಿರಾಟವೇ ಕುಗ್ಗಬಹುದು. 'ಸ್ವಲ್ಪವೇ ಕುಡಿದದ್ದು' ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಟ್ರಮಡಾಲ್‌ನಂಥ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಔಷಧಿ, ನೆಗಡಿಗೆ ತೆಗೆದುಕೊಳ್ಳುವ ತೂಕಡಿಕೆಯ ಮಾತ್ರೆಗಳ ವಿಷಯವನ್ನೂ, ಉಬ್ಬಸ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಗರ್ಭ ನಿಂತಿರುವುದು ಇವನ್ನೂ ವೈದ್ಯರಿಗೆ ಮೊದಲೇ ಹೇಳಬೇಕು.

ಮಾತ್ರೆ ಶುರುಮಾಡಿದ ದಿನಗಳಲ್ಲಿ ದೇವಿಮನೆ ಘಟ್ಟದಲ್ಲಿ ಬೈಕು ಓಡಿಸುವುದು, ಅಡಿಕೆ ಮರ ಏರುವುದು, ದೋಣಿಯಲ್ಲಿ ಹೋಗುವುದು ಬೇಡ. ವಯಸ್ಸಾದವರಲ್ಲಿ ನನಗೆ ಹೆಚ್ಚು ಹೆದರಿಕೆ ಬೀಳುವುದರದು. ಬಚ್ಚಲು ಹೊರಗಿರುವ ನಮ್ಮ ಹಳೆಯ ಮನೆಗಳಲ್ಲಿ, ಮಳೆಗಾಲದ ರಾತ್ರಿ ಹಾವಸೆ ಕಟ್ಟಿದ ಅಂಗಳವನ್ನು ಅರೆನಿದ್ದೆಯಲ್ಲಿ ದಾಟಬೇಕಾಗುತ್ತದೆ. ಅಲ್ಲೊಂದು ದೀಪ ಹಾಕಿಸಿ, ಏಳುವಾಗ ಯಾರನ್ನಾದರೂ ಕರೆಯಲು ಹೇಳಿ.

ಎಲ್ಲಕ್ಕಿಂತ ಜಾಗ್ರತೆ ಬೇಕಾದದ್ದು ಬಿಡುವಾಗ. ನಮ್ಮ ಆಯಿ ತಿಂಗಳುಗಟ್ಟಲೆ ತೆಗೆದುಕೊಂಡ ಮಾತ್ರೆಯನ್ನು, 'ಅದು ಚಟವಾಗುತ್ತದೆ' ಎಂದು ಯಾರೋ ಹೇಳಿದರೆಂದು ಒಂದೇ ದಿನಕ್ಕೆ ನಿಲ್ಲಿಸಿದಳು. ಮೂರನೆಯ ಬೆಳಿಗ್ಗೆ ಚಹಾದ ಲೋಟ ಹಿಡಿದರೆ ಬಸಿಯ ಮೇಲೆ ಕಟಕಟ ಸದ್ದಾಗುತ್ತಿತ್ತು. ಮೈ ಬೆವರು, ಎರಡು ರಾತ್ರಿ ನಿದ್ದೆಯೇ ಇಲ್ಲ. ರೋಗ ಮರುಕಳಿಸಿತೆಂದು ನಾವು ತಿಳಿದೆವು. ವಾಸ್ತವದಲ್ಲಿ ಅದು ಮಾತ್ರೆ ತಟ್ಟನೆ ತಪ್ಪಿದ್ದರ ತೊಂದರೆ. ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಆದ್ದರಿಂದ ವೈದ್ಯರು ಹಾಕಿಕೊಟ್ಟ ಕ್ರಮದಲ್ಲಿ, ವಾರಗಳ ಅಂತರದಲ್ಲಿ, ಅಷ್ಟಷ್ಟೇ ಪ್ರಮಾಣ ಇಳಿಸಬೇಕು. ಆಯಿಗೂ ಹಾಗೆಯೇ ಮಾಡಿದರು. ಅರ್ಧ ಮಾತ್ರೆಯ ದಿನಗಳನ್ನು ಅವಳು ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗುರುತಿಸುತ್ತಿದ್ದಳು. ನಿಧಾನ ಬಗೆಯ ಮಾತ್ರೆಗಳನ್ನೂ ಹೀಗೆಯೇ ಹಂತಹಂತವಾಗಿ ಬಿಡಬೇಕು.

ಹಾಗಾಗಿ ಮಾತ್ರೆ ಅಕಸ್ಮಾತ್ ಮುಗಿಯದಂತೆಯೂ ನೋಡಿಕೊಳ್ಳಬೇಕು. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದಾದದ್ದನ್ನು ನಾವೆಲ್ಲ ಕಂಡಿದ್ದೇವೆ. ಮಳೆಗಾಲದಲ್ಲಿ ಕೊನೆಯ ಮಾತ್ರೆಗಿಂತ ಒಂದು ವಾರ ಮೊದಲೇ ವೈದ್ಯರನ್ನು ಕಂಡುಬನ್ನಿ. ಬಾಯಲ್ಲಿ ಕರಗುವ ಮಾತ್ರೆಯನ್ನು ಒದ್ದೆ ಕೈಯಲ್ಲಿ ಮುಟ್ಟಬೇಡಿ, ಬಳಸುವ ಹೊತ್ತಿನವರೆಗೂ ಸ್ಟ್ರಿಪ್ಪಿನಿಂದ ತೆಗೆಯಬೇಡಿ. ಮಕ್ಕಳ ಕೈಗೆ ಸಿಗದ ಕಡೆ ಇಡಿ.

ನಿಧಾನ ಬಗೆಯ ಮಾತ್ರೆ ಹೊಸದಾಗಿ ಶುರುಮಾಡಿದ ಹದಿಹರೆಯದವರಲ್ಲಿ, ಎಳೆಯ ಪ್ರಾಯದವರಲ್ಲಿ ಸಾಯುವ ಮಾತು ಕೇಳಿಬಂದರೆ ಸ್ಟ್ರಿಪ್ಪನ್ನು ಮನೆಯವರೇ ಇಟ್ಟುಕೊಂಡು ಅಂದೇ ವೈದ್ಯರಿಗೆ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮಾತ್ರೆ ತೆಗೆದುಕೊಂಡವರು ಕರೆದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ, ಕಾಫಿ ಕುಡಿಸಿ ನೋಡುತ್ತ ಕೂರದೆ, ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆಮಾಡಿ. ಆಸ್ಪತ್ರೆಗೆ ಹೋಗುವಾಗ ಖಾಲಿ ಸ್ಟ್ರಿಪ್ಪುಗಳನ್ನೂ ಜೊತೆಗೆ ತೆಗೆದುಕೊಂಡು ಹೋಗಿ.