ಹಳೆ ಅಟ್ಟದ ಹಲಗೆ, ಹೊಸ ಮನೆಯ ಗೋಡೆ

ನಮ್ಮ ಹೊಸ ಮನೆಯ ಹಾಲ್‌ನಲ್ಲಿ ಒಂದು ಗೋಡೆಗೆ ಹಲಸಿನ ಹಲಗೆ ಹೊದಿಸಿದ್ದೇವೆ. ನೋಡಿದವರೆಲ್ಲ ಕೇಳುವುದು ಎರಡೇ ಪ್ರಶ್ನೆ. ಪಾಲಿಶ್ ಯಾವುದು? ಚದರಡಿಗೆ ಎಷ್ಟು ಬಿತ್ತು? ಹಿಂದಿನ ಗೋಡೆ ಹೇಗಿದೆ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ. ಶಿರಸಿಯಂಥ ಮಳೆ ಊರಲ್ಲಿ ಮೊದಲು ಕೇಳಬೇಕಾದ್ದು ಅದನ್ನೇ. ಇಲ್ಲಿ ಹಲಗೆ ಹಾಳಾಗುವುದು ಬೆನ್ನ ಕಡೆಯಿಂದ.

ಹಲಗೆ ಅಂಗಡಿಯದ್ದಲ್ಲ. ಊರಿನ ಹಳೆ ಮನೆ ಬಿಚ್ಚಿದಾಗ ಅಟ್ಟದ ಮುಚ್ಚಿಗೆಯಿಂದ ಸಿಕ್ಕಿದ್ದು. ಅಡಿಗೆಮನೆಯ ಮೇಲಿದ್ದವು ಹೊಗೆ ಹಿಡಿದು ಇದ್ದಲಿನಷ್ಟು ಕಪ್ಪಾಗಿದ್ದವು. ಅವನ್ನು ಸೌದೆಗೆ ಹಾಕಿಬಿಡೋಣ ಅಂತ ಮನೆಯಲ್ಲಿ ಮಾತು ನಡೆದಿತ್ತು. ಆಚಾರಿ ಒಂದು ಹಲಗೆಯ ಮೂಲೆಗೆ ಹತ್ತರಿ ಎಳೆದು ತೋರಿಸಿದರು. ಒಳಗೆ ಅರಿಶಿನ ಬಣ್ಣ. "ಹೆಗಡೇರೇ, ಹೊಗೆ ಕುಡಿದ ಮರಕ್ಕೆ ಹುಳ ಬರೂದಿಲ್ಲ. ನೀವು ಬೇಡ ಅಂದ್ರೆ ನಾನೇ ಒಯ್ತೇನೆ" ಅಂದರು. ಅಲ್ಲಿಗೆ ಚರ್ಚೆ ಮುಗಿಯಿತು.

ಹಲಸು ತೇಗದಷ್ಟು ಹೆಸರು ಮಾಡಿದ ಮರ ಅಲ್ಲ. ಆದರೆ ಅದರ ತಿರುಳಿಗೆ ಹುಳದ ಕಾಟ ಕಡಿಮೆ, ಕೆಲಸಕ್ಕೂ ಹದ. ವೀಣೆ, ಮೃದಂಗ ಎರಡನ್ನೂ ಇದೇ ಮರದಲ್ಲಿ ಮಾಡುತ್ತಾರೆ. ಎಚ್ಚರ ಬೇಕಾದ್ದು ತಿರುಳಿನ ಹೊರಗಿನ ಬಿಳಿ ಭಾಗದ ಬಗ್ಗೆ. ಹುಳ ಕುಟ್ಟುವುದು ಅಲ್ಲಿಂದಲೇ. ಹಲಗೆಯ ಅಂಚಲ್ಲಿ ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಆ ಅಂಚನ್ನು ಮುಲಾಜಿಲ್ಲದೆ ಕತ್ತರಿಸಿ ತೆಗೆಯಬೇಕು. ನಮ್ಮ ಹಲಗೆಗಳ ಅಗಲ ಹೀಗೆ ಒಂದಕ್ಕೊಂದು ಬೇರೆಯಾಯಿತು. ಕೆಲವು ಆರು ಇಂಚು, ಕೆಲವು ಎಂಟು. ಎಲ್ಲವನ್ನೂ ಒಂದೇ ಅಳತೆಗೆ ತರಲು ಹೋದರೆ ಅರ್ಧ ಮರ ಪುಡಿಯಾಗಿ ಹೋಗುತ್ತಿತ್ತು. ಸಾಲು ಸಾಲಿಗೆ ಅಗಲ ಬೇರೆ ಇರಲಿ ಅಂತ ಬಿಟ್ಟೆವು. ಈಗ ನೋಡಿದರೆ ಅದೇ ಚೆಂದ.

ಹಳೆ ಮರದ ದೊಡ್ಡ ತಾಪತ್ರಯ ಅಂದರೆ ಮೊಳೆ. ಒಂದು ಮೊಳೆ ಉಳಿದರೂ ಮಿಲ್ಲಿನ ಬ್ಲೇಡು ಹೋಯಿತು ಅಂತಲೇ ಲೆಕ್ಕ. ಹಾಗಾಗಿ ಮಿಲ್ಲಿನವರು ಹಳೆ ಮರ ಅಂದರೆ ಸುಮ್ನೆ ಒಪ್ಪುವುದಿಲ್ಲ. ಹಳೆ ಸ್ಪೀಕರ್‌ನಿಂದ ತೆಗೆದ ಆಯಸ್ಕಾಂತವನ್ನು ಹಲಗೆಯ ಎರಡೂ ಮೈ ಮೇಲೆ ನಿಧಾನಕ್ಕೆ ಆಡಿಸಿದೆ. ಅಂಟಿದ ಕಡೆ ಸೀಮೆಸುಣ್ಣದ ಗುರುತು, ಆಮೇಲೆ ಉಳಿಯಲ್ಲಿ ಕೆತ್ತಿ ಮೊಳೆ ಕೀಳುವುದು. ಬೇಸರದ ಕೆಲಸ, ಆದರೆ ಇದನ್ನು ಬೇರೆಯವರಿಗೆ ವಹಿಸಬೇಡಿ. ನಿಮ್ಮಷ್ಟು ತಾಳ್ಮೆಯಿಂದ ಬೇರೆ ಯಾರೂ ಮಾಡುವುದಿಲ್ಲ. ಮೊಳೆ ಇದ್ದ ಕಡೆಯೆಲ್ಲ ಮರ ಕಪ್ಪು ಕಲೆ ಕಟ್ಟಿರುತ್ತದೆ. ಕಬ್ಬಿಣ, ತೇವ, ಮರದ ಒಗರು ಮೂರೂ ಸೇರಿ ಆಗುವ ಕಲೆ ಅದು. ಎಷ್ಟು ಕೀಸಿದರೂ ಪೂರ್ತಿ ಹೋಗುವುದಿಲ್ಲ. ಅದಕ್ಕೇ ಹೊಸ ಸ್ಕ್ರೂಗಳನ್ನು ಸ್ಟೇನ್‌ಲೆಸ್ ಸ್ಟೀಲ್‌ನದ್ದೇ ತಂದೆವು.

ಇನ್ನು ಗೋಡೆ. ನಮ್ಮದು ಚಿರೇಕಲ್ಲಿನದು, ಮೇಲೆ ಸಿಮೆಂಟ್ ಗಿಲಾವು. ಹಲಗೆ ಹೊಡೆಯಬೇಕು ಅಂದುಕೊಂಡಿದ್ದು ಪಡುವಣ ಗೋಡೆಗೆ, ಮಳೆಯ ಇರಚಲು ಬಡಿಯುವುದೂ ಅದಕ್ಕೇ. ತೇವ ಇದೆಯೋ ಇಲ್ಲವೋ ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಮೊಳ ಅಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಸಂದಿಲ್ಲದಂತೆ ಟೇಪ್ ಹಾಕಿ. ಒಂದೆರಡು ದಿನ ಹಾಗೇ ಬಿಡಿ. ಹಾಳೆಯ ಒಳಮೈಯಲ್ಲಿ ನೀರು ಹನಿಗಟ್ಟಿದ್ದರೆ ತೇವ ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯದ್ದು. ಇದನ್ನು ಆಷಾಢದಲ್ಲಿ ಮಾಡಬೇಕು. ಬೇಸಿಗೆಯಲ್ಲಿ ಮಾಡಿದರೆ ಎಲ್ಲ ಗೋಡೆಯೂ ಪಾಸು!

ನಮ್ಮ ಗೋಡೆ ಫೇಲಾಯಿತು. ನೆಲದಿಂದ ಸೊಂಟದ ಎತ್ತರದವರೆಗೆ ಒಳಮೈಯಲ್ಲೇ ಹನಿ. ಆಗ ಸಿಕ್ಕ ಸಲಹೆ ಒಂದೆರಡಲ್ಲ. ಹಿಂದೆ ಪ್ಲಾಸ್ಟಿಕ್ ಹಾಕಿ ಹಲಗೆ ಹೊಡೆಯಿರಿ, ಡಾಂಬರು ಬಳಿಯಿರಿ, ಮರದ ಬದಲು ಪಿವಿಸಿ ಪಟ್ಟಿ ಹಾಕಿ, ಹೀಗೆ. ನನ್ನ ಮಟ್ಟಿಗೆ ಇವೆಲ್ಲ ತೇವವನ್ನು ಮುಚ್ಚಿಡುವ ಉಪಾಯಗಳು. ಮುಚ್ಚಿದ ನೀರು ಬೇರೆ ಕಡೆ ದಾರಿ ಹುಡುಕುತ್ತದೆ, ಅಷ್ಟೆ. ಹಳಬರು ಮಳೆಗಾಲಕ್ಕೆ ಮುಂಚೆ ಗೋಡೆಯ ಹೊರಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರಲ್ಲ, ಅದು ಸರಿಯಾದ ಬುದ್ಧಿ. ನೀರು ಗೋಡೆಗೆ ತಾಗಲೇಬಾರದು. ನಾವು ಆ ಬದಿಯ ಸೂರನ್ನು ತಗಡು ಹಾಕಿ ಮುಂದಕ್ಕೆ ತಂದೆವು. ಗೋಡೆಯ ಬುಡದಲ್ಲಿ ನೀರು ನಿಲ್ಲುತ್ತಿದ್ದ ಜಾಗಕ್ಕೆ ಚರಂಡಿ ತೆಗೆಸಿದೆವು. ಹೊರಗಿನ ಗಿಲಾವಿನ ಬಿರುಕು ಮುಚ್ಚಿದೆವು. ಮುಂದಿನ ಮಳೆಗಾಲದಲ್ಲಿ ಅದೇ ಪರೀಕ್ಷೆ ಮತ್ತೊಮ್ಮೆ. ಹಾಳೆ ಒಣಗಿದ್ದನ್ನು ನೋಡಿದ ಮೇಲೇ ಆಚಾರಿಗೆ ಫೋನು ಮಾಡಿದ್ದು.

ಅಷ್ಟು ದಿನ ಹಲಗೆಗಳು ಹಾಲ್‌ನಲ್ಲೇ ಇದ್ದವು. ಒಂದರ ಮೇಲೊಂದು ಪೇರಿಸಿ, ನಡುವೆ ತೆಳು ರೀಪು, ಅಂದರೆ ಮರದ ಪಟ್ಟಿ, ಕೊಟ್ಟು. ಮರ ತಾನಿರುವ ಕೋಣೆಯ ಹವೆಗೆ ಹೊಂದಿಕೊಳ್ಳಬೇಕು. ಮಳೆಗಾಲದಲ್ಲಿ ಅದು ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಏನೂ ಆಗುವುದಿಲ್ಲ, ಎಲ್ಲ ವ್ಯತ್ಯಾಸವೂ ಅಗಲದಲ್ಲಿ. ಆರಿಂಚಿನ ಹಲಗೆ ನಮ್ಮ ಕಡೆ ಎರಡು ಮಿಲಿಮೀಟರ್‌ವರೆಗೆ ಆಚೆ ಈಚೆ ಆಗಬಹುದು. ಅದೇನು ಮಹಾ ಅನಿಸುತ್ತದೆ, ಅಲ್ವಾ? ಒಂಬತ್ತು ಅಡಿ ಎತ್ತರಕ್ಕೆ ಅಂಥ 18 ಸಾಲು ಬಂದರೆ ಒಟ್ಟು ಮೂರೂವರೆ ಸೆಂಟಿಮೀಟರ್. ಬೇಸಿಗೆಯಲ್ಲಿ ಹಲಗೆ ಹಲಗೆಯನ್ನು ಒತ್ತಿ ಬಿಗಿಯಾಗಿ ಕೂರಿಸಿದರೆ ಜುಲೈನಲ್ಲಿ ಗೋಡೆ ಹೊಟ್ಟೆ ಬಿಡುತ್ತದೆ.

ಇದಕ್ಕೆ ಆಚಾರಿ ಮಾಡಿದ್ದು ಹೀಗೆ. ಪ್ರತಿ ಹಲಗೆಯ ಮೇಲಂಚಲ್ಲೂ ಕೆಳಂಚಲ್ಲೂ ಅರ್ಧ ದಪ್ಪ ಕೊರೆದರು. ಒಂದಂಚು ಮುಂದಿನಿಂದ, ಇನ್ನೊಂದು ಹಿಂದಿನಿಂದ. ಕೆಳಗಿನ ಹಲಗೆಯ ಮೇಲೆ ಮೇಲಿನದು ಕವಿದು ಕೂರುತ್ತದೆ, ನಡುವೆ ಕಣ್ಣಿಗೆ ಕಾಣುವಷ್ಟು ಸಂದು. ಹಲಗೆ ಹಿಗ್ಗಿದರೆ ಸಂದು ಕಿರಿದಾಗುತ್ತದೆ, ಕುಗ್ಗಿದರೆ ಅಗಲವಾಗುತ್ತದೆ, ಹಿಂದಿನ ಗೋಡೆ ಮಾತ್ರ ಯಾವಾಗಲೂ ಕಾಣುವುದಿಲ್ಲ. ಸ್ಕ್ರೂ ಕೂಡ ಹಾಗೇ. ಹಲಗೆ ಕೂರುವುದು ಗೋಡೆಗೆ ಹೊಡೆದ ರೀಪುಗಳ ಮೇಲೆ. ಒಂದು ರೀಪಿನ ಮೇಲೆ ಒಂದು ಹಲಗೆಗೆ ಒಂದೇ ಸ್ಕ್ರೂ, ಅದೂ ಮುಚ್ಚಿಹೋಗುವ ಅಂಚಲ್ಲಿ. ಗಟ್ಟಿ ಇರಲಿ ಅಂತ ಎರಡೂ ಅಂಚಿಗೆ ಸ್ಕ್ರೂ ಹಾಕಿದರೆ ಮರಕ್ಕೆ ಆಡಲು ಜಾಗ ಇರುವುದಿಲ್ಲ, ನಡುವೆ ಸೀಳುತ್ತದೆ.

ಹಲಗೆ ಅಡ್ಡಡ್ಡ ಹಾಕಲು ಕಾರಣ ಚೆಂದಕ್ಕಿಂತ ಗಾಳಿ. ಹಲಗೆ ಅಡ್ಡ ಇದ್ದರೆ ಹಿಂದಿನ ರೀಪು ಉದ್ದಕ್ಕೆ ನಿಲ್ಲುತ್ತದೆ. ಕೆಳಗಿಂದ ಹೊಕ್ಕ ಗಾಳಿ ರೀಪುಗಳ ನಡುವೆ ಸಲೀಸಾಗಿ ಮೇಲೆ ಹೋಗುತ್ತದೆ. ಹಲಗೆಯನ್ನು ಉದ್ದಕ್ಕೆ ನಿಲ್ಲಿಸಿದರೆ ರೀಪು ಅಡ್ಡ ಬಂದು ಗಾಳಿ ಕಟ್ಟುತ್ತದೆ. ಹಾಗೆ ಹಾಕಲೇಬೇಕು ಅಂದರೆ ರೀಪನ್ನು ಅಲ್ಲಲ್ಲಿ ತುಂಡು ಮಾಡಿ ದಾರಿ ಬಿಡಬೇಕು. ನಾವು ಒಂದಿಂಚು ದಪ್ಪದ ರೀಪು ಕೊಟ್ಟು, ನೆಲದಿಂದ ನಾಲ್ಕಿಂಚು ಖಾಲಿ ಬಿಟ್ಟೆವು. ಮೇಲೆ ಚಾವಣಿಯ ಕೆಳಗೂ ಒಂದಿಂಚು. "ಜಿರಲೆಗೆ ಮನೆ ಕಟ್ಟಿಕೊಟ್ಟ ಹಾಂಗಾತು" ಅಂತ ಆಯಿ ಗೊಣಗಿದಳು. ಅವಳ ಮಾತು ಸುಳ್ಳಲ್ಲ. ಕೆಳಗೂ ಮೇಲೂ ಸಣ್ಣ ಕಣ್ಣಿನ ಸ್ಟೀಲ್ ಜಾಳಿಗೆ ಹೊಡೆದೆವು. ಕೆಳಗಿನ ಖಾಲಿ ಜಾಗದಿಂದ ಇನ್ನೊಂದು ಅನುಕೂಲ ಇದೆ. ಒರಲೆ ನೆಲದಿಂದ ಹತ್ತುವಾಗ ಮಣ್ಣಿನ ಗೆರೆ ಕಟ್ಟಿಕೊಂಡೇ ಬರಬೇಕು. ನಾಲ್ಕಿಂಚಿನ ಬರಿ ಗೋಡೆಯಲ್ಲಿ ಆ ಗೆರೆ ತಪ್ಪದೆ ಕಣ್ಣಿಗೆ ಬೀಳುತ್ತದೆ.

ಚಿರೇಕಲ್ಲಿಗೆ ಸ್ಕ್ರೂ ಹಿಡಿಸುವುದು ಸ್ವಲ್ಪ ಕಿರಿಕಿರಿ. ಕಲ್ಲು ಮೆದು, ಒಳಗೆಲ್ಲ ತೂತು. ಡ್ರಿಲ್ಲನ್ನು ಬಡಿಯುವ ಮೋಡ್‌ನಲ್ಲಿಟ್ಟರೆ ತೂತಿನ ಬಾಯಿ ಉದುರಿ ದೊಡ್ಡದಾಗುತ್ತದೆ. ಬರೀ ತಿರುಗಿಸಿ ಕೊರೆದು, ಉದ್ದದ ಪ್ಲಗ್ ಹಾಕಿದರೆ ಗಟ್ಟಿ ಕೂರುತ್ತದೆ.

ಕರೆಂಟಿನ ಕೆಲಸ ಹಲಗೆಗಿಂತ ಮೊದಲೇ ಮುಗಿಯಬೇಕು. ಸ್ವಿಚ್ ಬಾಕ್ಸನ್ನು ಹಲಗೆಯ ಮುಂಭಾಗದ ಮಟ್ಟಕ್ಕೆ ತನ್ನಿ. ವೈರಿನ ಜೋಡಣೆ ಯಾವುದೂ ಮರದ ಹಿಂದೆ ಅಡಗಿರಬಾರದು. ಒಣ ಮರ, ಹಿಂದೆ ಗಾಳಿ, ನಡುವೆ ಒಂದು ಕಿಡಿ ಹಾರಿದರೆ ಏನಾದೀತು ಅಂತ ಬಿಡಿಸಿ ಹೇಳಬೇಕಿಲ್ಲ.

ಪಾಲಿಶ್ ವಿಷಯಕ್ಕೆ ಬಂದರೆ, ನನಗೆ ಆಸೆ ಇದ್ದದ್ದು ಅಗಸೆ ಎಣ್ಣೆ ಮತ್ತು ಜೇನುಮೇಣದ ಮೇಲೆ. ಬಣ್ಣ ಬಹಳ ಚೆನ್ನಾಗಿ ಏಳುತ್ತದೆ. ಆದರೆ ಹಸಿ ಅಗಸೆ ಎಣ್ಣೆ ಒಣಗುವುದು ನಿಧಾನ, ಮಳೆಗಾಲದಲ್ಲಿ ಅದರ ಮೇಲೆ ಬೂಷ್ಟು ಬೇಗ ಹಿಡಿಯುತ್ತದೆ. ಅರಗಿನ ಪಾಲಿಶ್ ತೇವಕ್ಕೆ ಬೆಳ್ಳಗಾಗುತ್ತದೆ. ಕೊನೆಗೆ ಹೊಳಪಿಲ್ಲದ ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆಸಿದೆವು. ಮುಂದೆ ಎರಡು ಕೋಟ್, ಹಿಂದೆ ಒಂದು. ಹಿಂಭಾಗಕ್ಕೆ ಯಾಕೆ ದಂಡ ಅಂತ ಪಾಲಿಶ್‌ನವನ ವಾದ. ಒಂದೇ ಮೈ ಮುಚ್ಚಿದರೆ ಇನ್ನೊಂದು ಮೈ ಮಾತ್ರ ತೇವ ಕುಡಿದು ಹಲಗೆ ದೋಣಿಯಾಗುತ್ತದೆ. ಅದಕ್ಕೆ ಹಿಂದೆಯೂ ಬೇಕು. ಅಗಸೆ ಎಣ್ಣೆಯನ್ನೇ ಹಚ್ಚುವವರಿಗೆ ಒಂದು ಮಾತು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಲ್ಲಿ ಅದು ಸೇರಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಹೊರಗೆ ಒಣಗಿಸಿ.

ಹೊಸದಾಗಿ ಕೀಸಿದ ಹಲಸು ಮೊದಲಿಗೆ ಕಣ್ಣಿಗೆ ಹೊಡೆಯುವಷ್ಟು ಹಳದಿ. ಬೆಳಕು ಬಿದ್ದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಮೊದಲ ವರ್ಷ ಅದರ ಮೇಲೆ ಫೋಟೋ ತೂಗುಹಾಕಬೇಡಿ. ಮುಚ್ಚಿದ ಭಾಗ ಹಳದಿಯಾಗೇ ಉಳಿದು ಚೌಕದ ಗುರುತು ಬೀಳುತ್ತದೆ. ಇನ್ನೂ ಮೂರು ಗೋಡೆಗೂ ಮರ ಹಾಕೋಣ ಅಂತ ಮನೆಯವರ ಒತ್ತಾಯ ಇತ್ತು. ನಾನು ಒಪ್ಪಲಿಲ್ಲ. ಮಳೆಗಾಲದಲ್ಲಿ ಇಲ್ಲಿ ಮಧ್ಯಾಹ್ನವೂ ದೀಪ ಬೇಕು, ನಾಲ್ಕೂ ಕಡೆ ಕಂದು ಗೋಡೆ ಇದ್ದರೆ ಹಾಲ್ ಗುಹೆಯಾಗುತ್ತದೆ. ಉಳಿದ ಗೋಡೆಗಳಿಗೆ ಬಿಳಿ ಬಣ್ಣವೇ ಸರಿ. ಒಂದೇ ಗೋಡೆಯಾದರೂ ಖಾಲಿ ಹಾಲ್‌ನ ಮಾತಿನ ಪ್ರತಿಧ್ವನಿ ಸಾಕಷ್ಟು ತಗ್ಗಿದೆ.

ಬೆಂಗಳೂರಿನ ಫ್ಲ್ಯಾಟಿನವರಿಗೆ ಇಷ್ಟೆಲ್ಲ ರಗಳೆ ಬೇಡ. ನನ್ನ ತಮ್ಮ ತನ್ನ ಮನೆಗೆ ಪ್ಲೈವುಡ್ ಮೇಲೆ ತೇಗದ ವೆನೀರ್ (ಮರದ ತೆಳು ಪದರ) ಅಂಟಿಸಿದ್ದನ್ನು ಹಾಕಿಸಿದ್ದಾನೆ. ಪ್ಲೈ ಹಿಗ್ಗುವುದು ಕುಗ್ಗುವುದು ತೀರಾ ಕಡಿಮೆ. ನೋಡಬೇಕಾದ್ದು ಒಂದೇ, ಗೋಡೆಯ ಆಚೆ ಬಾತ್‌ರೂಮ್ ಇದೆಯಾ ಅಂತ. ಇದ್ದರೆ ಐಎಸ್ 710 ಗುರುತಿನ ಪ್ಲೈಯನ್ನೇ, ಅಂದರೆ ನೀರು ತಡೆಯುವ ಮರೀನ್ ಪ್ಲೈಯನ್ನೇ ಕೇಳಿ, ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಬೇಡ. ಎಂಡಿಎಫ್ ಒಮ್ಮೆ ನೀರು ಕುಡಿದು ಉಬ್ಬಿದರೆ ಮತ್ತೆ ಮೊದಲಿನಂತಾಗುವುದಿಲ್ಲ.

ಇನ್ನು ಖರ್ಚು. ಮರ ಬಿಟ್ಟಿ ಸಿಕ್ಕಿದ್ದರಿಂದ ಅಗ್ಗ ಆಯಿತು ಅಂದುಕೊಳ್ಳಬೇಡಿ. ಮಜೂರಿ, ಪಾಲಿಶ್, ಸೂರಿನ ತಗಡು ಎಲ್ಲ ಸೇರಿದರೆ ಅಂಗಡಿಯ ಪಿವಿಸಿ ಪಟ್ಟಿಗಿಂತ ಎಷ್ಟೋ ಜಾಸ್ತಿ. ಆಮೇಲಿನ ಆರೈಕೆಗೆ ಮಾತ್ರ ಖರ್ಚಿಲ್ಲ. ಒಣ ಬಟ್ಟೆಯಲ್ಲಿ ಒರೆಸುತ್ತೇವೆ, ಸಂದಿನ ಧೂಳಿಗೆ ಹಳೆ ಪೇಂಟ್ ಬ್ರಷ್. ಮೇಲಿನ ಎರಡು ಸಾಲಿನ ಸ್ಕ್ರೂಗಳನ್ನು ಮುಚ್ಚದೆ ಹಾಗೇ ಬಿಟ್ಟಿದ್ದೇವೆ. ಮಳೆಗಾಲ ಮುಗಿದ ಮೇಲೆ ಅವನ್ನು ಬಿಚ್ಚಿ, ಟಾರ್ಚ್ ಹಿಡಿದು ಹಿಂದಿನ ಗೋಡೆಯನ್ನು ಒಮ್ಮೆ ನೋಡಿ ಮತ್ತೆ ಹಾಕುತ್ತೇವೆ.